ಉದ್ಘಾಟನೆ ಆಮೇಲೆ ಇರಲಿ, ಮೊದಲು ಒಂದು ಕೆಲಸ ಹಿಡಿಯಿರಿ

ಮಂಗಳೂರಿನ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತನಾಡಿದವರು ಉಡುಪಿಯಲ್ಲಿ ಕಾಮರ್ಸ್ ಪಾಠ ಮಾಡುವ ಅಧ್ಯಾಪಕಿ.

ಬ್ಯಾಂಕಿಂಗ್ ಕ್ಲಬ್ ಶುರು ಮಾಡಬೇಕು ಅಂತ ನಿಮ್ಮಲ್ಲಿ ಕೆಲವರು ಫೋನ್ ಮಾಡಿದಾಗ ನನಗೆ ತುಂಬಾ ಖುಷಿಯಾಯಿತು. ಹೆಸರು ಏನಿಡುವುದು ಮೇಡಂ, ಲೋಗೋ ಬೇಕಾ, ಉದ್ಘಾಟನೆಗೆ ಯಾರನ್ನು ಕರೆಯುವುದು ಅಂತ ಕೇಳಿದಿರಿ. ಈ ಮೂರನ್ನೂ ಸ್ವಲ್ಪ ಆಚೆ ಇಡಿ. ಮೊದಲು ಒಂದು ವಿಷಯ ಕೂತು ಯೋಚನೆ ಮಾಡಿ. ನಿಮ್ಮ ಕ್ಲಬ್ ತಿಂಗಳಿಗೊಮ್ಮೆ ತಪ್ಪದೆ ಮಾಡುವ ಕೆಲಸ ಯಾವುದು? ಆ ಕೆಲಸದಿಂದ ಕಾಲೇಜಿನ ಗೇಟಿನ ಹೊರಗಿರುವ ಯಾರಿಗೆ ಉಪಯೋಗ?

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಗಳ ಕಾಲೇಜುಗಳಲ್ಲಿ ಕ್ಲಬ್ಬುಗಳಿಗೇನೂ ಕೊರತೆ ಇಲ್ಲ. ವರ್ಷದ ಆರಂಭದಲ್ಲಿ ದೀಪ ಬೆಳಗಿಸುತ್ತೇವೆ. ದೊಡ್ಡವರೊಬ್ಬರ ಭಾಷಣ ಆಗುತ್ತದೆ. ಗ್ರೂಪ್ ಫೋಟೋ ತೆಗೆಯುತ್ತೇವೆ. ಅಷ್ಟರಲ್ಲಿ ಇಂಟರ್ನಲ್ಸ್ ಬಂತು. ಆಮೇಲೆ ಸ್ಪೋರ್ಟ್ಸ್ ಡೇ, ಟ್ಯಾಲೆಂಟ್ಸ್ ಡೇ, ಬೇರೆ ಕಾಲೇಜಿನ ಫೆಸ್ಟ್. ಫೈನಲ್ ಇಯರಿನವರು ಪ್ರಾಜೆಕ್ಟಿನಲ್ಲಿ ಮುಳುಗುತ್ತಾರೆ. ಮುಂದಿನ ವರ್ಷ ಹೊಸ ಮಕ್ಕಳು ಬಂದು ಇನ್ನೊಂದು ಉದ್ಘಾಟನೆ ಮಾಡುತ್ತಾರೆ. ಯಾರದ್ದೂ ತಪ್ಪಲ್ಲ. ಮಧ್ಯದಲ್ಲಿ ಮಾಡಲಿಕ್ಕೆ ಏನೂ ಇರಲಿಲ್ಲ, ಅಷ್ಟೇ.

ನೀವು ಆರಿಸಿಕೊಂಡಿರುವುದು ಬ್ಯಾಂಕಿಂಗ್. ಈ ಊರಿನಲ್ಲಿ ಕೂತು ಅದನ್ನು ಆರಿಸಿಕೊಂಡಿದ್ದೀರಿ. ಅದಕ್ಕೇ ಸ್ವಲ್ಪ ಹಿಂದಿನ ಕಥೆ ಹೇಳಿಬಿಡುತ್ತೇನೆ. ನಿಮಗೆ ಅರ್ಧ ಗೊತ್ತಿರಬಹುದು.

1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಶುರು ಮಾಡಿದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಒಂದು ಫಂಡ್ ಶುರು ಮಾಡಿದರು. ಅದೇ ಮುಂದೆ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್. 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ವಿಜಯಾ ಬ್ಯಾಂಕ್. ಇಪ್ಪತ್ತೈದು ವರ್ಷದಲ್ಲಿ, ಒಂದೂವರೆ ಗಂಟೆ ಬಸ್ಸಿನ ದಾರಿಯೊಳಗೆ, ಐದು ಬ್ಯಾಂಕು!

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ವಿಷಯ ಬೇರೆ. ಇವರೆಲ್ಲ ಯಾರು ನೋಡಿ. ಸುಬ್ಬರಾವ್ ಪೈಯವರು ವಕೀಲರು. ಹಾಜಿ ಅಬ್ದುಲ್ಲಾ ಸಾಹೇಬರು ವ್ಯಾಪಾರಿ. ಸಿಂಡಿಕೇಟ್ ಶುರು ಮಾಡಿದ ಮೂವರಲ್ಲಿ ಉಪೇಂದ್ರ ಪೈಯವರು ಬಟ್ಟೆ ವ್ಯಾಪಾರಿ, ವಾಮನ ಕುಡ್ವರು ಎಂಜಿನಿಯರ್, ಟಿ.ಎಂ.ಎ. ಪೈಯವರು ಡಾಕ್ಟರು. ಅವರು ಕೈಗೆತ್ತಿಕೊಂಡ ಕೆಲಸವೂ ಸ್ಪಷ್ಟ ಇತ್ತು. ಆ ಹೊತ್ತಿಗೆ ಇಲ್ಲಿನ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದರು, ಅವರಿಗೆ ಸಾಲ ಸಿಗಬೇಕಿತ್ತು. ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದರು. ಮೊದಲು ಯಾರಿಗೆ ಏನು ಬೇಕು ಅಂತ ನೋಡಿದರು, ಆಮೇಲೆ ಸಂಸ್ಥೆ ಕಟ್ಟಿದರು. ಕ್ಲಬ್ಬಿಗೂ ನಾನು ಹೇಳುವುದು ಇದನ್ನೇ. ಇನ್ನೊಂದು ಮಾತೂ ಇದರಲ್ಲೇ ಉಂಟು. ಕಾಮರ್ಸಿನವರು ಮಾತ್ರ ಸೇರಬೇಡಿ. ಬಿಸಿಎ ಮಕ್ಕಳನ್ನು ಕರೆಯಿರಿ, ಕನ್ನಡ ಎಂ.ಎ. ಮಕ್ಕಳನ್ನು ಕರೆಯಿರಿ. ಅರ್ಜಿ ನೀಟಾಗಿ ಬರೆಯುವವರು ಒಬ್ಬರು, ಬ್ಯಾರಿ ಅಥವಾ ಕೊಂಕಣಿ ಮಾತಾಡುವವರು ಒಬ್ಬರು ಇದ್ದರೆ ಎಷ್ಟು ಅನುಕೂಲ ಅಂತ ಮುಂದೆ ಹೇಳುತ್ತೇನೆ.

ಆ ಐದರಲ್ಲಿ ಈಗ ಎಷ್ಟು ಉಳಿದಿವೆ? ಹೆಸರಿನ ಮಟ್ಟಿಗೆ ಎರಡು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ ಸೇರಿತು, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿತು. ನಮ್ಮ ಮನೆ ಹಿರಿಯರಿಗೆ ಇದು ಬೇಸರದ ವಿಷಯ. ನನಗೂ ಬೇಸರವೇ. ಆದರೆ ಉಡುಪಿಯ ನಮ್ಮ ಕಾಲೇಜಿನ ಕ್ಲಬ್ಬಿಗೆ ಕೆಲಸ ಸಿಕ್ಕಿದ್ದು ಇಲ್ಲಿಂದಲೇ.

ನಮ್ಮಲ್ಲಿ ಒಬ್ಬಳು ಹುಡುಗಿ ಒಂದು ದಿನ ಹಳೆಯ ಪಾಸ್‌ಬುಕ್ ತಂದಳು. ಅವಳ ಅಜ್ಜ ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದವರು. ಊರಿಗೆ ಬಂದಾಗಲೆಲ್ಲ ಸ್ವಲ್ಪ ದುಡ್ಡು ಇಲ್ಲಿನ ವಿಜಯಾ ಬ್ಯಾಂಕಿನಲ್ಲಿ ಹಾಕುತ್ತಿದ್ದರಂತೆ. ಅಜ್ಜ ತೀರಿಹೋಗಿ ಎಷ್ಟೋ ವರ್ಷ ಆಗಿತ್ತು. ಪಾಸ್‌ಬುಕ್ಕಿನ ಅಂಚು ಗೆದ್ದಲು ತಿಂದಿತ್ತು. ಮೊದಲ ಪುಟಗಳೆಲ್ಲ ಕೈಬರಹ, ಪ್ರತಿ ಸಾಲಿನ ಎದುರು ಒಂದು ಸಣ್ಣ ಸಹಿ. ಕೊನೆಯ ಎರಡು ಪುಟ ಮಾತ್ರ ಪ್ರಿಂಟ್, ಅದರ ಶಾಯಿಯೂ ಮಾಸಿಹೋಗಿತ್ತು. ಅಜ್ಜಿಗೆ ಬ್ಯಾಂಕಿನ ಹೆಸರು ಗೊತ್ತು. ಆದರೆ ಆ ಹೆಸರಿನ ಬೋರ್ಡು ಈಗ ಎಲ್ಲಿಯೂ ಇಲ್ಲ. ಯಾರ ಹತ್ತಿರ ಹೋಗಿ ಕೇಳಬೇಕು?

ಇದು ಒಂದು ಮನೆಯ ಕಥೆ ಅಲ್ಲ. ಕರಾವಳಿಯಲ್ಲಿ ಮುಂಬೈಗೋ ಗಲ್ಫಿಗೋ ಹೋದವರು ಇಲ್ಲದ ಮನೆ ಕಡಿಮೆ. ಎಲ್ಲರದ್ದೂ ಊರಿನಲ್ಲಿ ಒಂದು ಖಾತೆ ಇತ್ತು. ಖಾತೆಯಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಯಾವ ವ್ಯವಹಾರವೂ ನಡೆಯದಿದ್ದರೆ ಅದನ್ನು ನಿಷ್ಕ್ರಿಯ ಖಾತೆ ಅನ್ನುತ್ತಾರೆ. ಹತ್ತು ವರ್ಷ ಹಾಗೆಯೇ ಬಿದ್ದಿದ್ದರೆ ಬ್ಯಾಂಕ್ ಆ ದುಡ್ಡನ್ನು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸಬೇಕು. 2014ರಿಂದ ಈ ವ್ಯವಸ್ಥೆ ಉಂಟು. ದುಡ್ಡು ಹೋಯಿತು ಅಂತ ಅಲ್ಲ. ಖಾತೆದಾರರೋ ವಾರಸುದಾರರೋ ದಾಖಲೆ ಹಿಡಿದುಕೊಂಡು ಬ್ಯಾಂಕಿಗೆ ಬಂದರೆ ಬ್ಯಾಂಕ್ ಕೊಡಲೇಬೇಕು. ಕೊಟ್ಟು, ಆಮೇಲೆ ನಿಧಿಯಿಂದ ವಾಪಸ್ ಪಡೆಯುತ್ತದೆ. ಎಲ್ಲಿ ಎಷ್ಟು ಬಿದ್ದಿದೆ ಅಂತ ಹುಡುಕಲಿಕ್ಕೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಉದ್ಗಮ್ ಎಂಬ ಪೋರ್ಟಲ್ ತೆರೆಯಿತು. 2024ರ ಮಾರ್ಚಿನ ಹೊತ್ತಿಗೆ 30 ಬ್ಯಾಂಕುಗಳು ಅದರೊಳಗೆ ಬಂದಿದ್ದವು. ಮೊಬೈಲ್ ನಂಬರಿನಿಂದ ನೋಂದಾಯಿಸಿಕೊಂಡು, ಖಾತೆದಾರರ ಹೆಸರು ಹಾಕಿ, ಜೊತೆಗೆ ಪ್ಯಾನ್, ವೋಟರ್ ಐಡಿ, ಹುಟ್ಟಿದ ದಿನ ಇಂಥದ್ದರಲ್ಲಿ ಯಾವುದಾದರೂ ಒಂದನ್ನು ಕೊಟ್ಟು ಹುಡುಕಬೇಕು. ಸಿಕ್ಕಿದರೆ ಒಂದು ನಂಬರ್ ಕೊಡುತ್ತದೆ. ಅದನ್ನು ಹಿಡಿದುಕೊಂಡು ಶಾಖೆಗೆ ಹೋಗಬೇಕು.

ನೋಡಿ, ನಿಮ್ಮ ವಯಸ್ಸಿನವರಿಗೆ ಇದು ಹತ್ತು ನಿಮಿಷದ ಕೆಲಸ. ಆ ಅಜ್ಜಿಗೆ ಇದು ಆಗದ ಕೆಲಸ. ಹೀಗೆ ಶುರುವಾಯಿತು ನಮ್ಮ ಪಾಸ್‌ಬುಕ್ ಮೇಜು. ತಿಂಗಳ ಒಂದು ಶನಿವಾರ ಮಧ್ಯಾಹ್ನ, ಒಂದು ಮೇಜು, ನಾಲ್ಕು ಕುರ್ಚಿ, ಒಂದು ಲ್ಯಾಪ್‌ಟಾಪ್, ಒಂದು ರಿಜಿಸ್ಟರ್. ಮೊದಲು ಕಾಲೇಜಿನ ನೌಕರರ ಮನೆಯವರು ಬಂದರು, ಆಮೇಲೆ ಸುತ್ತಮುತ್ತಲಿನವರು ಬಂದರು. ಅಜ್ಜಿಯಂದಿರು ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್, ಎಫ್‌ಡಿ ರಸೀದಿ, ಎಲ್‌ಐಸಿ ಬಾಂಡು ಎಲ್ಲ ಒಟ್ಟಿಗೆ ತುಂಬಿಕೊಂಡು ಬರುತ್ತಾರೆ. ಮಕ್ಕಳು ಮೊದಲು ಅದನ್ನೆಲ್ಲ ಬೇರೆ ಬೇರೆ ಮಾಡಬೇಕು. ಆ ಬೇರೆ ಮಾಡುವ ಕೆಲಸದಲ್ಲೇ ಅವರು ಕಲಿತದ್ದು ನಾನು ಒಂದು ಸೆಮಿಸ್ಟರ್ ಪಾಠ ಮಾಡಿದರೂ ಕಲಿಸಲಿಕ್ಕೆ ಆಗುತ್ತಿರಲಿಲ್ಲ. ಈ ಬ್ಯಾಂಕ್ ಈಗ ಯಾವುದರ ಜೊತೆ ಸೇರಿದೆ? ಎಸ್‌ವೈಎನ್‌ಬಿ ಅಂತ ಶುರುವಾಗುವ, ಸಿಂಡಿಕೇಟ್ ಶಾಖೆ ಗುರುತಿಸುವ ಹಳೆಯ ಐಎಫ್‌ಎಸ್‌ಸಿ ಕೋಡ್ ಈಗ ಯಾಕೆ ನಡೆಯುವುದಿಲ್ಲ? ನಾಮಿನಿ, ಅಂದರೆ ಖಾತೆದಾರರ ನಂತರ ದುಡ್ಡು ಪಡೆಯಲಿಕ್ಕೆ ಹೆಸರಿಸಿದವರು, ಇದ್ದರೆ ಯಾವ ಕಾಗದ ಸಾಕು, ಇಲ್ಲದಿದ್ದರೆ ಏನೆಲ್ಲ ಬೇಕು? ಜಂಟಿ ಖಾತೆಯಲ್ಲಿ ಒಬ್ಬರು ತೀರಿಹೋದರೆ ಏನು? ಇದೆಲ್ಲ ಪಠ್ಯದಲ್ಲಿ ಒಂದೊಂದು ಸಾಲು ಬರುತ್ತದೆ. ಎದುರಿಗೆ ಅಜ್ಜಿ ಕೂತಾಗ ಆ ಸಾಲಿಗೆ ಬೆಲೆ ಬರುತ್ತದೆ.

ನಮಗೆ ಬಂದ ಪಾಸ್‌ಬುಕ್ಕುಗಳಲ್ಲಿ ಬಹಳಷ್ಟು ಖಾತೆಗಳಿಗೆ ನಾಮಿನಿಯೇ ಇರಲಿಲ್ಲ. ಅದನ್ನು ನೋಡಿ ಮಕ್ಕಳು ತಮ್ಮ ತಮ್ಮ ಮನೆಗೆ ಹೋಗಿ ಅಪ್ಪ ಅಮ್ಮನ ಖಾತೆಗೆ ನಾಮಿನಿ ಉಂಟಾ ಅಂತ ವಿಚಾರಿಸಿದರು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು ಅಂತ ಕಾನೂನು ಬಂದಿದೆ. ಇದು ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಗೊತ್ತು? ಇವತ್ತು ಮನೆಗೆ ಹೋಗಿ ಕೇಳಿ.

ಮಧ್ಯದಲ್ಲಿ ಒಂದು ಮಾತು. ನಮ್ಮ ಊರಿನಲ್ಲಿ ಜನರು ಬ್ಯಾಂಕ್ ಮತ್ತು ಸಹಕಾರಿ ಸೊಸೈಟಿ ಎರಡನ್ನೂ ಒಂದೇ ಅಂತ ತಿಳಿದಿರುತ್ತಾರೆ. ಸಹಕಾರಿ ಚಳವಳಿಯಲ್ಲಿ ನಮ್ಮ ಜಿಲ್ಲೆಯ ಹೆಸರು ದೊಡ್ಡದು. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಕೂತು ಕಟ್ಟಿದ ಚಳವಳಿ ಅದು. 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದ್ದೂ ಅದೇ ಹಾದಿಯಲ್ಲಿ. ಸೊಸೈಟಿಗಳ ಬಗ್ಗೆ ನನಗೆ ತುಂಬಾ ಗೌರವ ಉಂಟು. ಆದರೆ ಒಂದು ವ್ಯತ್ಯಾಸ ಗೊತ್ತಿರಲೇಬೇಕು. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆ ಉಂಟು. 2020ರ ಫೆಬ್ರವರಿಗಿಂತ ಮೊದಲು ಅದು ಒಂದೇ ಲಕ್ಷ ಇತ್ತು. ಪತ್ತಿನ ಸೊಸೈಟಿಯ ಠೇವಣಿಗೆ ಈ ವಿಮೆ ಇಲ್ಲ. ಉದ್ಗಮ್‌ನಲ್ಲಿ ಹುಡುಕಿದರೆ ಸೊಸೈಟಿಯ ಖಾತೆ ಸಿಗುವುದೂ ಇಲ್ಲ. ನಿಮ್ಮ ಮೇಜಿನ ಎದುರು ಸೊಸೈಟಿ ಪಾಸ್‌ಬುಕ್ ಹಿಡಿದುಕೊಂಡು ಬಂದವರಿಗೆ ಇದನ್ನು ಹೆದರಿಸದೆ, ಸರಿಯಾಗಿ ಹೇಳಲಿಕ್ಕೆ ಬರಬೇಕು. ಹೇಗೆ ಹೇಳುವುದು ಅಂತ ಕ್ಲಬ್ಬಿನೊಳಗೆ ಅಭ್ಯಾಸ ಮಾಡಿ. ಒಬ್ಬರು ಅಜ್ಜಿಯಾಗಿ ಕೂರಿ, ಇನ್ನೊಬ್ಬರು ಹೇಳಿ.

ಭಾಷೆಯ ವಿಷಯ ಹೇಳುತ್ತೇನೆ ಅಂದಿದ್ದೆ, ಅಲ್ವಾ? ಮೇಜಿಗೆ ಬರುವವರಲ್ಲಿ ಕೆಲವರಿಗೆ ತುಳು ಬಿಟ್ಟರೆ ಕನ್ನಡವೇ ಕಷ್ಟ. ಕೆಲವರು ಬ್ಯಾರಿಯಲ್ಲಿ, ಕೆಲವರು ಕೊಂಕಣಿಯಲ್ಲಿ ಮಾತಾಡುತ್ತಾರೆ. ದುಡ್ಡಿನ ವಿಷಯವನ್ನು ಜನರು ಮನೆಮಾತಿನಲ್ಲಿ ಮಾತ್ರ ಬಾಯಿ ಬಿಟ್ಟು ಹೇಳುತ್ತಾರೆ. ಕ್ಲಬ್ಬಿನಲ್ಲಿ ಎಲ್ಲ ಮನೆಯ ಮಕ್ಕಳು ಇರಬೇಕು ಅನ್ನುವುದು ಅದಕ್ಕೇ.

ಈ ಕೆಲಸಕ್ಕೆ ಕೆಲವು ಗಟ್ಟಿ ನಿಯಮ ಬೇಕು. ಯಾರ ಓಟಿಪಿಯನ್ನೂ ಕೇಳಬಾರದು. ಹೇಳಲಿಕ್ಕೆ ಬಂದರೂ ಕೇಳಿಸಿಕೊಳ್ಳಬಾರದು, ಅವರೇ ಟೈಪ್ ಮಾಡಲಿ. ಪಾಸ್‌ಬುಕ್ಕಿನ ಫೋಟೋ ನಿಮ್ಮ ಫೋನಿನಲ್ಲಿ ತೆಗೆಯಬಾರದು. ರಿಜಿಸ್ಟರಿನಲ್ಲಿ ಹೆಸರು, ದಿನ, ಯಾವ ಬ್ಯಾಂಕು, ಏನು ಹೇಳಿ ಕಳಿಸಿದೆವು, ಇಷ್ಟೇ ಇರಲಿ. ಖಾತೆ ನಂಬರ್ ಬೇಡ, ಮೊತ್ತ ಬೇಡ. ಬ್ಯಾಂಕಿಗೆ ಅವರ ಪರವಾಗಿ ನೀವು ಹೋಗಬಾರದು, ಜೊತೆಗೆ ಬೇಕಾದರೆ ಹೋಗಿ. ಒಂದು ಕಪ್ ಚಹಾ ಬಿಟ್ಟರೆ ಯಾರಿಂದಲೂ ಏನೂ ತೆಗೆದುಕೊಳ್ಳಬಾರದು. ದುಡ್ಡು ವಾಪಸ್ ಸಿಕ್ಕಿದ ಖುಷಿಯಲ್ಲಿ ಜನರು ಕೊಡಲಿಕ್ಕೆ ಬರುತ್ತಾರೆ. ಪ್ರೀತಿಯಿಂದಲೇ ಬೇಡ ಅನ್ನಿ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಫೈನಾನ್ಸ್ ಕ್ಲಬ್ ಅಂತ ಶುರುವಾದ ಎಷ್ಟೋ ಕ್ಲಬ್ಬುಗಳು ಆರು ತಿಂಗಳಲ್ಲಿ ಷೇರು ಟಿಪ್ಸ್ ಕೊಡುವ ವಾಟ್ಸ್ಆ್ಯಪ್ ಗುಂಪು ಆಗಿಬಿಡುತ್ತವೆ. ಯಾರೋ ಒಬ್ಬ ಆಪ್ಷನ್ಸಿನಲ್ಲಿ, ಅಂದರೆ ಷೇರಿನ ಮುಂದಿನ ಬೆಲೆಯ ಮೇಲೆ ಮಾಡುವ ವ್ಯವಹಾರದಲ್ಲಿ, ಎರಡು ಸಾವಿರ ಮಾಡಿದ ಸ್ಕ್ರೀನ್‌ಶಾಟ್ ಹಾಕುತ್ತಾನೆ. ಮರುದಿನ ಹತ್ತು ಜನ ಫೀಸಿನ ದುಡ್ಡು ಹಾಕುತ್ತಾರೆ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಷೇರಿನ ಫ್ಯೂಚರ್ಸ್ ಮತ್ತು ಆಪ್ಷನ್ಸಿನಲ್ಲಿ (ಎಫ್ ಆ್ಯಂಡ್ ಓ) ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ಮೂರು ಹಣಕಾಸು ವರ್ಷಗಳ ಲೆಕ್ಕದಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿಗಿಂತ ಜಾಸ್ತಿ. ಈ ವರದಿಯನ್ನು ಕ್ಲಬ್ಬಿನಲ್ಲಿ ಕೂತು ಓದಿ. ಅದು ಒಳ್ಳೆಯ ಓದು, ಅದರಲ್ಲಿ ವಯಸ್ಸಿನ ಲೆಕ್ಕವೂ ಉಂಟು. ಆದರೆ ಕ್ಲಬ್ಬಿನ ಹೆಸರಿನಲ್ಲಿ ಒಂದೇ ಒಂದು ಟಿಪ್ ಹೊರಗೆ ಹೋಗಬಾರದು. ದುಡ್ಡು ತೆಗೆದುಕೊಂಡು ಹೂಡಿಕೆ ಸಲಹೆ ಕೊಡಬೇಕಾದರೆ ಸೆಬಿಯಲ್ಲಿ ನೋಂದಣಿ ಬೇಕು, ಅದಿಲ್ಲದೆ ಕೊಡುವುದು ಕಾನೂನಿಗೆ ವಿರುದ್ಧ.

ಖಾತೆ ಬಾಡಿಗೆಗೆ ಕೊಡುವ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಇಲ್ಲಿ ಕೂತಿರುವ ನಿಮ್ಮ ತಲೆಯ ಮೇಲೆಯೇ ಬರುವ ತೊಂದರೆ. ಹಾಸ್ಟೆಲಿಗೆ, ಪಿಜಿಗೆ ಯಾರೋ ಬರುತ್ತಾರೆ. ಒಂದು ಖಾತೆ ತೆರೆದು ಎಟಿಎಂ ಕಾರ್ಡು, ಸಿಮ್ ಕೊಡಿ, ಕೆಲವು ಸಾವಿರ ಕೊಡುತ್ತೇವೆ ಅನ್ನುತ್ತಾರೆ. ಎಲ್ಲೋ ಯಾರಿಗೋ ಮೋಸ ಮಾಡಿದ ದುಡ್ಡು ನಿಮ್ಮ ಖಾತೆಯ ಮೂಲಕ ಹೋಗುತ್ತದೆ. ಪೊಲೀಸರು ದುಡ್ಡಿನ ಜಾಡು ಹಿಡಿದು ಬಂದಾಗ ಅವರಿಗೆ ಸಿಗುವುದು ನಿಮ್ಮ ಹೆಸರು, ನಿಮ್ಮ ಆಧಾರ್. ಡಿಗ್ರಿ ಮುಗಿಯುವ ಮೊದಲೇ ಕೇಸು. ನಿಮ್ಮ ಕ್ಲಬ್ ವರ್ಷಕ್ಕೆ ಒಂದೇ ಕಾರ್ಯಕ್ರಮ ಮಾಡುವುದಾದರೆ ಫಸ್ಟ್ ಇಯರಿನ ಮಕ್ಕಳ ಪ್ರತಿ ಕ್ಲಾಸಿಗೂ ಹೋಗಿ ಹದಿನೈದು ನಿಮಿಷ ಇದನ್ನು ಹೇಳಿ. ಅಧ್ಯಾಪಕರು ಹೇಳಿದರೆ ಬುದ್ಧಿವಾದ ಆಗುತ್ತದೆ. ಸೀನಿಯರ್ ಅಕ್ಕ, ಅಣ್ಣ ಹೇಳಿದರೆ ಕೇಳುತ್ತಾರೆ. ಮೋಸ ಹೋದವರಿಗೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಲಿಕ್ಕೆ ಹೇಳಿಕೊಡಿ. ಎಷ್ಟು ಬೇಗ ಮಾಡುತ್ತೇವೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಈಗ ಕ್ಲಬ್ಬಿನ ಎರಡನೆಯ ಕೆಲಸ. ಮೇಜಿನ ಎದುರು ಕೂತರೆ ಸಾಲದು, ಈ ವೃತ್ತಿ ಮಾಡುವವರ ಜೊತೆ ನಡೆಯಬೇಕು. ನಿಜವಾಗಿಯೂ ಕಾಲಿನಲ್ಲಿ ನಡೆಯಬೇಕು.

ಪಿಗ್ಮಿ ಕಟ್ಟುವುದು ನಿಮಗೆಲ್ಲ ಗೊತ್ತು. ಅದು ಹುಟ್ಟಿದ್ದು ನಮ್ಮಲ್ಲೇ. 1928ರಲ್ಲಿ ಸಿಂಡಿಕೇಟಿನವರು ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನ ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲಿಕ್ಕೆ ಹೆದರುವವರ ಹತ್ತಿರ ಬ್ಯಾಂಕೇ ಹೋಯಿತು. ಈಗಲೂ ಬ್ಯಾಂಕು, ಸೊಸೈಟಿಗಳ ಪಿಗ್ಮಿ ಕಲೆಕ್ಟರುಗಳು ನಮ್ಮ ಪೇಟೆಗಳಲ್ಲಿ ದಿನಾ ಓಡಾಡುತ್ತಾರೆ. ನಮ್ಮ ಮಕ್ಕಳು ಇಬ್ಬಿಬ್ಬರಾಗಿ ಒಬ್ಬ ಪಿಗ್ಮಿ ಕಲೆಕ್ಟರ ಜೊತೆ ಒಂದು ಸಂಜೆ ಉಡುಪಿ ಪೇಟೆ ಸುತ್ತುತ್ತಾರೆ. ಮೊದಲೇ ಅವರ ಒಪ್ಪಿಗೆ, ಅವರ ಸಂಸ್ಥೆಯ ಒಪ್ಪಿಗೆ ಎರಡೂ ತೆಗೆದುಕೊಳ್ಳುತ್ತೇವೆ.

ಒಂದು ಸಂಜೆ ನಾನೂ ಹೋಗಿದ್ದೆ. ರಥಬೀದಿಯ ಹತ್ತಿರ ಹೂ ಮಾರುವ ಒಬ್ಬ ಹೆಂಗಸು. ಕಲೆಕ್ಟರು ದುಡ್ಡು ಕೇಳಲೇ ಇಲ್ಲ. ಮಗಳ ಜ್ವರ ಹೇಗುಂಟು ಅಂತ ಕೇಳಿದರು. ಆಕೆ ಮಾತಾಡುತ್ತಲೇ ಬುಟ್ಟಿಯ ಅಡಿಯಿಂದ ನಾಲ್ಕು ಮಡಿಕೆ ಮಾಡಿದ ನೂರರ ನೋಟು ತೆಗೆದರು. ಅದು ಬೆಳಿಗ್ಗೆಯೇ ತೆಗೆದಿಟ್ಟದ್ದು, ಉಳಿದ ವ್ಯಾಪಾರದ ದುಡ್ಡು ಬೇರೆ ಡಬ್ಬದಲ್ಲಿತ್ತು. ಕಲೆಕ್ಟರು ಕೈಯಲ್ಲಿದ್ದ ಸಣ್ಣ ಮಿಷಿನಿನಲ್ಲಿ ಒತ್ತಿದರು, ಚೀಟಿ ಬಂತು. ಆಕೆ ಚೀಟಿಯಲ್ಲಿ ಕೊನೆಯ ಸಾಲು ಮಾತ್ರ ನೋಡಿದರು, ಒಟ್ಟು ಎಷ್ಟಾಯಿತು ಅನ್ನುವ ಸಾಲು. ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಂದಿನ ಅಂಗಡಿಯವರು ಇವತ್ತು ಆಗಲಿಲ್ಲ ಅಂದರು. ಆಯ್ತು, ನಾಳೆ ನೋಡುವ ಅಂತ ಇವರು ಮುಂದೆ ಹೋದರು. ಒಂದು ಮಾತು ಜಾಸ್ತಿ ಆಡಲಿಲ್ಲ.

ಜೊತೆಗಿದ್ದ ಹುಡುಗನಿಗೆ ತಡೆಯಲಿಕ್ಕೆ ಆಗಲಿಲ್ಲ. ಎಲ್ಲರ ಹತ್ತಿರ ಯುಪಿಐ ಉಂಟಲ್ಲ ಅಣ್ಣಾ, ಫೋನಿನಲ್ಲೇ ಹಾಕಬಹುದಲ್ಲ ಅಂತ ಕೇಳಿದ. ಕಲೆಕ್ಟರು ಹೇಳಿದ್ದು ಇಷ್ಟು: ಹಾಕಬಹುದು, ಆದರೆ ಹಾಕುವುದಿಲ್ಲ. ನಾನು ಎದುರು ಬಂದು ನಿಲ್ಲುತ್ತೇನೆ ಅಂತ ಗೊತ್ತಿರುವುದರಿಂದ ತೆಗೆದಿಡುತ್ತಾರೆ. ಆ ಹುಡುಗ ಬಿಸಿಎ ವಿದ್ಯಾರ್ಥಿ. ಆಮೇಲೆ ಅವನ ಪ್ರಾಜೆಕ್ಟಿನ ವಿಷಯವೇ ಇದಾಯಿತು. ಉಳಿತಾಯದ ಆ್ಯಪ್ ಮಾಡುವಾಗ ದಿನಾ ಒಂದೇ ಹೊತ್ತಿಗೆ ಒಬ್ಬ ಪರಿಚಯದ ಮನುಷ್ಯ ಬರುವುದನ್ನು ಹೇಗೆ ಅದರೊಳಗೆ ತರುವುದು ಅಂತ. ಇಂಥ ಪ್ರಶ್ನೆ ಸೆಮಿನಾರ್ ಹಾಲಿನಲ್ಲಿ ಕೂತರೆ ಹುಟ್ಟುವುದಿಲ್ಲ. ಹಾಗೆ ತಿರುಗಿ ಬಂದವರು ಆ ವಾರವೇ ಎರಡು ಪುಟ ಬರೆದು ಕ್ಲಬ್ಬಿನಲ್ಲಿ ಓದಬೇಕು. ಜನರ ಹೆಸರು ಬೇಡ, ಕಂಡದ್ದು ಬೇಕು. ಎಲ್ಲರೂ ಪಿಗ್ಮಿಯವರ ಜೊತೆಯೇ ಹೋಗಬೇಕು ಅಂತಿಲ್ಲ. ಚಿನ್ನ ಪರೀಕ್ಷೆ ಮಾಡುವ ಅಪ್ರೈಸರ್ ಇದ್ದಾರೆ, ಮಲ್ಪೆಯಲ್ಲಿ ಬೋಟಿನ ಸಾಲ ನೋಡಿಕೊಳ್ಳುವವರಿದ್ದಾರೆ, ಬಂದರಿನ ಧಕ್ಕೆಯಲ್ಲಿ ಮೀನಿನ ಲೆಕ್ಕ ಬರೆಯುವ ರೈಟರ್ ಇದ್ದಾರೆ. ನೀವು ಮಂಗಳೂರಿನವರು, ನಿಮಗೆ ಪಣಂಬೂರಿನ ಬಂದರೇ ಉಂಟು. ಆಮದು ರಫ್ತಿನ ಕಾಗದಪತ್ರ ಮಾಡುವ ಕಸ್ಟಮ್ಸ್ ಏಜೆಂಟರ ಆಫೀಸಿನಲ್ಲಿ ಒಂದು ಬೆಳಿಗ್ಗೆ ಕೂತರೆ ಲೆಟರ್ ಆಫ್ ಕ್ರೆಡಿಟ್ (ಆಮದು ಮಾಡುವವರ ಪರವಾಗಿ ಬ್ಯಾಂಕ್ ಕೊಡುವ ಪಾವತಿಯ ಭರವಸೆ) ಅಂದರೆ ಏನು ಅಂತ ಮತ್ತೆ ಮರೆಯುವುದಿಲ್ಲ.

ಅತಿಥಿಗಳ ವಿಷಯ. ಈ ಊರಿನಲ್ಲಿ ರಿಟೈರ್ ಆದ ಬ್ಯಾಂಕ್ ಅಧಿಕಾರಿಗಳು ಪ್ರತಿ ಕೇರಿಯಲ್ಲೂ ಸಿಗುತ್ತಾರೆ. ಅಸ್ಸಾಮಿನಲ್ಲಿ, ಬಿಹಾರದಲ್ಲಿ ಮ್ಯಾನೇಜರ್ ಆಗಿದ್ದವರು, 1969ರ ರಾಷ್ಟ್ರೀಕರಣದ ಕಾಲಕ್ಕೆ ಕ್ಲರ್ಕ್ ಆಗಿ ಸೇರಿದವರು. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಒಂದು ಗಂಟೆ ಮಾತಾಡಿ ಅಂದರೆ ಅವರೂ ಭಾಷಣವನ್ನೇ ಮಾಡುತ್ತಾರೆ. ಅದರ ಬದಲು ಮೊದಲೇ ಮೂರು ಪ್ರಶ್ನೆ ಬರೆದು ಕಳಿಸಿ. ನೀವು ಸಾಲ ಕೊಡಲ್ಲ ಅಂತ ಹೇಳಬೇಕಾಗಿ ಬಂದ ಒಂದು ಸಂದರ್ಭ ಯಾವುದು? ಕೊಟ್ಟ ಸಾಲ ವಾಪಸ್ ಬರುತ್ತದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತಿತ್ತು? ಕೌಂಟರಿನಲ್ಲಿ ಮೊದಲ ವಾರ ಏನು ಕಲಿತಿರಿ? ಆಮೇಲೆ ವೃತ್ತಾಕಾರದಲ್ಲಿ ಕುರ್ಚಿ ಹಾಕಿ ಕೂರಿ. ಸರ್, ಒಂದು ಹಳೆಯ ಲೆಡ್ಜರ್ ಇದ್ದರೆ ತರ್ತೀರಾ ಅಂತ ಕೇಳಿ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇದ್ದ ಮನೆಯಲ್ಲೇ ಬ್ಯಾಂಕಿನ ಪಾರಂಪರಿಕ ಸಂಗ್ರಹಾಲಯ ಮಾಡಿದ್ದಾರೆ, ನಾಣ್ಯಗಳೂ ಅಲ್ಲಿವೆ. ಹೋಗುವಾಗ ಇಂಥ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ನೋಡುವುದಕ್ಕಿಂತ ಅವರಿಂದ ಕೇಳುವುದು ಜಾಸ್ತಿ ಸಿಗುತ್ತದೆ.

ಇನ್ನು ಕಾಲೇಜಿನೊಳಗಿನ ವ್ಯವಸ್ಥೆ. ಇದನ್ನು ಬೇಗ ಮುಗಿಸುತ್ತೇನೆ. ಪ್ರಿನ್ಸಿಪಾಲರಿಗೆ ಒಂದೇ ಪುಟದ ಅರ್ಜಿ ಸಾಕು. ಕ್ಲಬ್ಬಿನ ಉದ್ದೇಶ ಅಂತ ಅರ್ಧ ಪುಟ ಬರೆಯಬೇಡಿ. ಯಾವ ಶನಿವಾರ, ಯಾವ ಕೋಣೆ, ಏನು ಕೆಲಸ, ಯಾರು ಜವಾಬ್ದಾರಿ ಅಂತ ಬರೆಯಿರಿ. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕಕ್ಕೆ ನ್ಯಾಕ್ ಮೌಲ್ಯಮಾಪನದ ಕಡತಕ್ಕಾಗಿ ವರದಿ ಬೇಕು, ಜಾಗದ ಗುರುತು (ಜಿಯೋಟ್ಯಾಗ್) ಇರುವ ಫೋಟೋ ಬೇಕು, ಹಾಜರಿ ಪಟ್ಟಿ ಬೇಕು. ಅವರು ಕೇಳುವ ಮೊದಲೇ ಅದೇ ವಾರ ಕೊಟ್ಟುಬಿಡಿ, ನಿಮಗೆ ಕೋಣೆ ಸಿಗುವುದು ಸುಲಭವಾಗುತ್ತದೆ. ಫೋಟೋದಲ್ಲಿ ಮೇಜಿಗೆ ಬಂದವರ ಮುಖ ಮತ್ತು ಕಾಗದ ಬೀಳದ ಹಾಗೆ ನೋಡಿಕೊಳ್ಳಿ. ಕಾಮರ್ಸ್ ಅಸೋಸಿಯೇಷನ್ ಮೊದಲೇ ಇದ್ದರೆ ಅವರ ಜೊತೆ ಜಗಳ ಬೇಡ. ಅದರ ಅಡಿಯಲ್ಲೇ ಶುರು ಮಾಡಿ, ಹೆಸರು ಅವರದ್ದೇ ಇರಲಿ.

ಸಲಹೆಗಾರರಾಗಿ ಅಧ್ಯಾಪಕರನ್ನು ಆರಿಸುವಾಗ ವಿಭಾಗದ ಮುಖ್ಯಸ್ಥರನ್ನೇ (ಎಚ್ಒಡಿ) ಕೇಳಬೇಕು ಅಂತಿಲ್ಲ. ಶನಿವಾರ ಮಧ್ಯಾಹ್ನ ಉಳಿದುಕೊಳ್ಳಲಿಕ್ಕೆ ಮನಸ್ಸಿರುವವರನ್ನು ಕೇಳಿ. ಅವರು ದಿನಾ ಏನೂ ಮಾಡಬೇಕಾಗಿಲ್ಲ. ಹೊರಗಿನ ಪತ್ರಕ್ಕೆ ಸಹಿ ಹಾಕಬೇಕು. ನೀವು ಜನರಿಗೆ ತಪ್ಪು ಮಾಹಿತಿ ಕೊಡದಂತೆ ಮೇಜಿನ ಪಕ್ಕ ಇರಬೇಕು.

ದಿನ ಮತ್ತು ಹೊತ್ತು ಗೊತ್ತು ಮಾಡುವಾಗ ಬಸ್ಸಿನ ಲೆಕ್ಕ ಹಾಕಿ. ಇದು ಸಣ್ಣ ವಿಷಯ ಅಲ್ಲ. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಕಡೆಯಿಂದ ಬರುವವರು ಐದು ಗಂಟೆಗೆ ಮೀಟಿಂಗ್ ಇಟ್ಟರೆ ಬರುವುದಿಲ್ಲ. ಎರಡು ಸಲ ಬರುವುದಿಲ್ಲ, ಮೂರನೆಯ ಸಲ ಅವರನ್ನು ಕರೆಯುವುದೇ ನಿಲ್ಲುತ್ತದೆ. ಕೊನೆಗೆ ಕ್ಲಬ್ ಪೇಟೆಯಲ್ಲಿ ಮನೆ ಇರುವವರದ್ದು ಮಾತ್ರ ಆಗುತ್ತದೆ. ಆ ದೂರದ ಊರಿನ ಮಕ್ಕಳ ಮನೆಯಲ್ಲೇ ಹಳೆಯ ಪಾಸ್‌ಬುಕ್ಕು ಜಾಸ್ತಿ ಇರುವುದು. ಊಟದ ಬಿಡುವಿನಲ್ಲಿ ಮೂವತ್ತು ನಿಮಿಷದ ಮೀಟಿಂಗ್ ಇಡಿ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನ ತಪ್ಪಿಹೋದ ಮೀಟಿಂಗನ್ನು ಅದೇ ವಾರ ಮಾಡಿಬಿಡಿ, ಮುಂದಿನ ತಿಂಗಳಿಗೆ ಹಾಕಬೇಡಿ.

ದುಡ್ಡು ಬಹಳ ಬೇಕಾಗುವುದಿಲ್ಲ. ಝೆರಾಕ್ಸ್, ರಿಜಿಸ್ಟರ್, ಬಸ್ ಚಾರ್ಜ್. ಸದಸ್ಯತ್ವ ಶುಲ್ಕ ಅಂತ ಇನ್ನೂರು ಮುನ್ನೂರು ಇಡಬೇಡಿ, ಅದರಲ್ಲೇ ಕೆಲವರು ಹಿಂದೆ ಸರಿಯುತ್ತಾರೆ, ಹೇಳುವುದೂ ಇಲ್ಲ. ಸ್ಪಾನ್ಸರ್ ಕೊಡುತ್ತೇವೆ ಅಂತ ಯಾವುದಾದರೂ ಫೈನಾನ್ಸ್ ಕಂಪನಿ ಬಂದರೆ ಬೇಡ ಅನ್ನಿ. ನಿಮ್ಮ ಮೇಜಿನ ಹಿಂದೆ ಅವರ ಬ್ಯಾನರ್ ಬಿದ್ದ ದಿನವೇ ಅಜ್ಜಿಯಂದಿರಿಗೆ ನೀವು ಏಜೆಂಟರ ಹಾಗೆ ಕಾಣುತ್ತೀರಿ. ಖರ್ಚಾದ ಪ್ರತಿ ರೂಪಾಯಿಯ ಲೆಕ್ಕ ತಿಂಗಳ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಹಾಕಿ. ಬ್ಯಾಂಕಿಂಗ್ ಕ್ಲಬ್ಬಿನ ಲೆಕ್ಕವೇ ಸರಿ ಇಲ್ಲದಿದ್ದರೆ ಏನು ಚೆಂದ?

ಹಸ್ತಾಂತರದ ಬಗ್ಗೆ ನಾನು ಹೆಚ್ಚು ಹೊತ್ತು ಮಾತಾಡಬೇಕು, ಯಾಕೆಂದರೆ ಎಲ್ಲರೂ ಬಿಡುವುದು ಇದನ್ನೇ. ನಿಮಗೆ ಸಿಗುವುದು ಮೂರು ವರ್ಷ. ಮೊದಲನೆಯದು ಕಾಲೇಜು ಅರ್ಥ ಮಾಡಿಕೊಳ್ಳುವುದರಲ್ಲಿ ಹೋಗುತ್ತದೆ, ಕೊನೆಯದು ಪರೀಕ್ಷೆ ಮತ್ತು ಕೆಲಸ ಹುಡುಕುವುದರಲ್ಲಿ. ಹಾಗಾಗಿ ನಮ್ಮಲ್ಲಿ ಕಾರ್ಯದರ್ಶಿ ಯಾವಾಗಲೂ ಸೆಕೆಂಡ್ ಇಯರಿನವರು. ಫೈನಲ್ ಇಯರಿನವರು ಮೇಜಿನ ಹಿಂದೆ ಕೂತು ಹೇಳಿಕೊಡುತ್ತಾರೆ, ಅಧಿಕಾರ ಇಲ್ಲ. ಪ್ರತಿ ಮೇಜಿನಲ್ಲಿ ಒಬ್ಬರು ಹಳಬರು, ಒಬ್ಬರು ಹೊಸಬರು. ಹೊಸಬರೇ ಮಾತಾಡಬೇಕು, ಹಳಬರು ತಪ್ಪಿದಾಗ ಮಾತ್ರ ಬಾಯಿ ಹಾಕಬೇಕು.

ಜೊತೆಗೆ ಒಂದು ಪುಸ್ತಕ ಉಂಟು. ಮಕ್ಕಳೇ ಬರೆದ ಕೈಪಿಡಿ. ಯಾವ ಶಾಖೆಯಲ್ಲಿ ಈ ಕೆಲಸಕ್ಕೆ ಯಾವ ಕೌಂಟರ್, ಯಾವ ಕಾಗದದ ಎಷ್ಟು ಝೆರಾಕ್ಸ್, ಮರಣ ಪ್ರಮಾಣಪತ್ರದಲ್ಲಿ ಹೆಸರು ಒಂದು ಥರ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ ಇದ್ದರೆ ಏನು ಮಾಡುವುದು, ಎಲ್ಲ ಅದರಲ್ಲಿ ಬರೆದಿಟ್ಟಿದ್ದಾರೆ. ಈ ಹೆಸರಿನ ತೊಂದರೆ ನಮ್ಮಲ್ಲಿ ತುಂಬಾ. ಮನೆಯಲ್ಲಿ ಕರೆಯುವ ಹೆಸರಿನಲ್ಲೇ ಖಾತೆ ತೆರೆದಿರುತ್ತಾರೆ. ಒಂದರಲ್ಲಿ ಪೂಜಾರ್ತಿ ಅಂತ ಇದ್ದರೆ ಇನ್ನೊಂದರಲ್ಲಿ ಪೂಜಾರಿ ಅಂತ ಇರುತ್ತದೆ. ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕಿನ ನಿಯಮ ಬದಲಾದಾಗ ಹಳೆಯ ಪುಟಕ್ಕೆ ಗೆರೆ ಎಳೆದು ಪಕ್ಕದಲ್ಲಿ ಹೊಸತನ್ನು ತಾರೀಕು ಹಾಕಿ ಬರೆಯುತ್ತಾರೆ. ಬ್ಯಾಂಕ್ ಮೂವತ್ತು ದಿನದೊಳಗೆ ದೂರಿಗೆ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿ ಓಂಬುಡ್ಸ್‌ಮನ್‌ಗೆ ಬರೆಯುವುದು ಹೇಗೆ ಅಂತಲೂ ಉಂಟು. 2021ರ ನವೆಂಬರಿನಿಂದ ಎಲ್ಲ ದೂರಿಗೂ ಒಂದೇ ಕಡೆ ವ್ಯವಸ್ಥೆ ಆಗಿದೆ. ಈ ಪುಸ್ತಕ ಇರುವುದರಿಂದ ಕಾರ್ಯದರ್ಶಿ ಯಾರಾದರೂ ಮೇಜು ನಡೆಯುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದೀರಿ. ಇದರಿಂದ ಕೆಲಸ ಸಿಗುತ್ತದಾ ಮೇಡಂ ಅಂತ. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ನಿಮ್ಮ ದುಡಿಮೆಗೆ ಕಾಯುತ್ತಿರುತ್ತಾರೆ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯ ರೀಸನಿಂಗ್ (ತರ್ಕ), ಕ್ವಾಂಟ್ (ಲೆಕ್ಕ) ಈ ಮೇಜಿನಿಂದ ಬರುವುದಿಲ್ಲ, ಅದಕ್ಕೆ ಬೇರೆಯೇ ಓದಬೇಕು. ಆದರೆ ಇಂಟರ್‌ವ್ಯೂನಲ್ಲಿ ನಿಷ್ಕ್ರಿಯ ಖಾತೆ ಅಂದರೆ ಏನು ಅಂತ ಕೇಳಿದಾಗ ನಮ್ಮ ಹುಡುಗಿ ವ್ಯಾಖ್ಯಾನ ಹೇಳಿ ನಿಲ್ಲಿಸಲಿಲ್ಲ. ಗೆದ್ದಲು ತಿಂದ ಪಾಸ್‌ಬುಕ್ಕಿನಿಂದ ಶುರು ಮಾಡಿ ಅಜ್ಜಿಯ ಖಾತೆಗೆ ದುಡ್ಡು ಬಂದ ದಿನದವರೆಗೆ ಹೇಳಿದಳಂತೆ. ಎದುರು ಕೂತವರು ಮಧ್ಯದಲ್ಲಿ ತಡೆಯಲಿಲ್ಲವಂತೆ. ಅವಳು ಈಗ ಹಾಸನ ಕಡೆ ಒಂದು ಶಾಖೆಯಲ್ಲಿ ಇದ್ದಾಳೆ.

ಇನ್ನೊಂದು ಚೀಟಿಯಲ್ಲಿ, ನಾವು ಇರುವುದೇ ಐದು ಜನ, ಸಾಕಾ ಅಂತ ಉಂಟು. ಧಾರಾಳ ಸಾಕು. ಈ ವಾರ ನೀವು ಐದೂ ಜನ ಮನೆಯ ಕಪಾಟು ತೆಗೆದು ಹಳೆಯ ಪಾಸ್‌ಬುಕ್ ಇದೆಯಾ ನೋಡಿ. ಮುಂದಿನ ಗುರುವಾರ ಊಟದ ಬಿಡುವಿನಲ್ಲಿ ಸಿಕ್ಕಿದ ಬ್ಯಾಂಕುಗಳ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದು ಈಗ ಯಾವ ಬ್ಯಾಂಕಿನೊಳಗಿದೆ ಅಂತ ಹುಡುಕಿ ಅದರ ಎದುರು ಬರೆಯಿರಿ. ಅದನ್ನು ನನಗೆ ಕಳಿಸಿ. ನಮ್ಮ ಕೈಪಿಡಿಯ ಒಂದು ಪ್ರತಿ ನಾನು ನಿಮಗೆ ಕಳಿಸುತ್ತೇನೆ, ಉಡುಪಿಯ ಶಾಖೆಗಳ ಪುಟ ತೆಗೆದು ಮಂಗಳೂರಿನದ್ದನ್ನು ನೀವೇ ಸೇರಿಸಿಕೊಳ್ಳಿ.